ಸುಲಿಯುವ ಚಪ್ಪರದ ಕೆಮ್ಮು, ತೊಟ್ಟಿಲ ಕೂಸು



ಕಡೂರು, ತರೀಕೆರೆ, ಅಜ್ಜಂಪುರ ಭಾಗದಲ್ಲಿ ಅಡಿಕೆ ಸುಲಿತವೂ ಮೇಲಿನ ತೋಟಗಳ ಕಾಫಿ ಕೊಯ್ಲೂ ಚಳಿಗಾಲದಲ್ಲೇ ಕೂಡಿ ಬರುತ್ತವೆ. ನೆಗಡಿ, ಕೆಮ್ಮು, ಫ್ಲೂ ಜ್ವರಕ್ಕೂ ಅದೇ ಹಂಗಾಮು. ಚಪ್ಪರದಡಿ ಹೆಂಗಸರು ಒತ್ತೊತ್ತಾಗಿ ಕುಳಿತು ಸುಲಿಯುತ್ತಾರೆ. ಪಕ್ಕದಲ್ಲೇ ಅಡಿಕೆ ಬೇಯುವ ಹಂಡೆಯ ಹೊಗೆ. ಒಬ್ಬರ ಕೆಮ್ಮು ಹತ್ತು ಮಂದಿಗೆ ಹತ್ತುತ್ತದೆ. ಆ ಹತ್ತರಲ್ಲಿ ಒಬ್ಬಾಕೆ ಗರ್ಭಿಣಿಯೋ ಹಸುಗೂಸಿನ ತಾಯಿಯೋ ಆಗಿದ್ದರೆ ವಿಷಯ ಬೇರೆಯೇ ಆಗುತ್ತದೆ. ಇಂಥ ಸೋಂಕು ಬಸುರಿಯರನ್ನು ಹೆಚ್ಚು ಕಾಡುತ್ತದೆಂಬುದನ್ನು 1918ರ ಇನ್‌ಫ್ಲುಯೆಂಜಾ, 2009ರ ಎಚ್1ಎನ್1, 2020-21ರ ಕೋವಿಡ್ ಮೂರೂ ತೋರಿಸಿಕೊಟ್ಟಿವೆ.

ಕೊಳೆರೋಗ ಬಂದ ಮೇಲೆ ನಾವು ಬೋರ್ಡೋ ಕಲಸುವುದಿಲ್ಲ. ಮಳೆ ಹಿಡಿಯುವ ಮುಂಚೆಯೇ ಸಿಂಪಡಿಸುತ್ತೇವೆ. ಇಲ್ಲಿಯೂ ಅದೇ ಬುದ್ಧಿ ಬೇಕು. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಇಲ್ಲ. ಬಸುರಿನಲ್ಲಿ ತಾಯಿ ಹಾಕಿಸಿಕೊಂಡದ್ದೇ ಅದಕ್ಕೂ ಕಾವಲು. ಗರ್ಭಿಣಿಗೆ ಜ್ವರ, ಕೆಮ್ಮು ಬಂದರೆ ಅಂಗಡಿ ಮಾತ್ರೆ ನುಂಗಿಸಿ ದಿನ ತಳ್ಳಬಾರದು. ಫ್ಲೂ ಔಷಧಿ ಮೊದಲ 48 ಗಂಟೆಯೊಳಗೆ ಸಿಕ್ಕರೆ ಹೆಚ್ಚು ಗುಣ. ಉಸಿರು ಕಟ್ಟಿದರೆ, ಎದೆ ನೋವಾದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಕಾಯದೆ 108ಕ್ಕೆ ಕರೆಮಾಡಿ.

ನೆಗಡಿಯಾದ ಬಾಣಂತಿಯಿಂದ ಕೂಸನ್ನು ಬೇರೆ ಮಲಗಿಸಿ ಹಾಲು ಬಿಡಿಸುವುದು ತಪ್ಪು. ಕೈ ತೊಳೆದು, ಮೂಗು ಬಾಯಿ ಮುಚ್ಚಿಕೊಂಡು ಎದೆಹಾಲನ್ನೇ ಕೊಡಬೇಕು. ರೋಗ ತಡೆಯುವ ಶಕ್ತಿ ಆ ಹಾಲಿನಲ್ಲಿದೆ. ಬಾಣಂತಿ ಕೋಣೆಯ ಬೆಚ್ಚಗೆ ಇರಲಿ, ಕೆಂಡ-ಸಾಂಬ್ರಾಣಿಯ ಹೊಗೆ ಬೇಡ. ಕೆಮ್ಮುವ ನೆಂಟರು ಬಾಗಿಲಲ್ಲೇ ನೋಡಿ ಹೋಗಲಿ. ಕೂಸು ಹಾಲು ಕುಡಿಯದಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60ಕ್ಕೂ ಹೆಚ್ಚು ಸಲ ಉಸಿರಾಡಿದರೆ, ಪಕ್ಕೆ ಒಳಗೆ ಸೆಳೆದರೆ ತಕ್ಷಣ ಆಸ್ಪತ್ರೆಗೆ. ಹೆರಿಗೆಯ ನಂತರ 42 ದಿನದವರೆಗೆ ಮನೆಗೆ ಬಂದುಹೋಗುವ ಆಶಾ ಕಾರ್ಯಕರ್ತೆಯ ಮಾತು ಕೇಳಿ.

ಇಷ್ಟನ್ನು ಯಾವ ವೈದ್ಯರೂ ಹೇಳುತ್ತಾರೆ. ನಾವು ಹೇಳಬೇಕಾದದ್ದು ಇನ್ನೊಂದಿದೆ. ಜ್ವರವಿದ್ದೂ ಹೆಣ್ಣಾಳು ಕೆಲಸಕ್ಕೆ ಬರುವುದು ತಿಳಿವಳಿಕೆ ಸಾಲದೆ ಅಲ್ಲ, ಆ ದಿನದ ಕೂಲಿ ತಪ್ಪುತ್ತದೆಂದು. 1951ರ ತೋಟ ಕಾರ್ಮಿಕರ ಕಾಯಿದೆ ದೊಡ್ಡ ಎಸ್ಟೇಟುಗಳನ್ನು ಕಟ್ಟಿಹಾಕಿತೇ ಹೊರತು ನಮ್ಮಂಥ ಎರಡು-ಮೂರು ಎಕರೆಯವರನ್ನಲ್ಲ. ಕಾಯಿದೆ ಕೇಳದಿದ್ದರೇನು, ಮನಸ್ಸು ಕೇಳಬೇಡವೇ? ಕೆಮ್ಮಿರುವವರಿಗೆ ಮೂರು ದಿನ ಅರ್ಧ ಕೂಲಿ ಕೊಟ್ಟು ಮನೆಯಲ್ಲಿರಿಸೋಣ. ಗರ್ಭಿಣಿಯರನ್ನು ಹೊಗೆಯಿಂದ ದೂರ, ಗಾಳಿಯಾಡುವ ಕಡೆ ಕೂರಿಸೋಣ. ಲಸಿಕೆಯ ಖರ್ಚನ್ನು ಯಜಮಾನರೂ ಸಂಘವೂ ಹಂಚಿಕೊಳ್ಳುವ ಬಗ್ಗೆ ಮುಂದಿನ ಮಹಾಸಭೆಯಲ್ಲಿ ವಿಷಯ ಮಂಡಿಸುತ್ತೇವೆ.

ಖರ್ಚಾಗುತ್ತದೆ, ನಿಜ. ಸುಣ್ಣ-ಮೈಲುತುತ್ತಕ್ಕೆ ಪ್ರತಿವರ್ಷ ಮರುಮಾತಿಲ್ಲದೆ ಹಣ ತೆಗೆಯುವವರು ನಾವು. ಸದಸ್ಯರು ಸಭೆಗೆ ತಪ್ಪದೆ ಬಂದು ಅಭಿಪ್ರಾಯ ತಿಳಿಸಬೇಕಾಗಿ ಕೋರಿಕೆ.

– ಕಾರ್ಯದರ್ಶಿ