ಹಸುವಿನ ಹಲ್ಲು

ದಾನವಾಗಿ ಬಂದ ಹಸುವಿನ ಹಲ್ಲು ನೋಡಬಾರದೆಂದು ಗಾದೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಹೇಳುತ್ತೇನೆ: ಶಾಲೆಗೆ ಬಂದ ಹಸುವಾದರೆ ಹಲ್ಲು, ಕೆಚ್ಚಲು, ಗೊರಸು ಎಲ್ಲವನ್ನೂ ನೋಡಲೇಬೇಕು. ಹಾಲು ಕೊಡದಿದ್ದರೂ ಅದಕ್ಕೆ ಹುಲ್ಲು ಹಾಕುವವರು ನಾವೇ ತಾನೆ?

ನಮ್ಮದು ಪೀಣ್ಯದ ಕಾರ್ಖಾನೆಗಳ ಮಗ್ಗುಲಿನ ಶಾಲೆ. ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದವರ ಮಕ್ಕಳೇ ಹೆಚ್ಚು. ಕಂಪ್ಯೂಟರುಗಳು ಯಾರೋ ಬಳಸಿ ಬಿಟ್ಟವು. ಅವು ವಿಂಡೋಸ್ 11ಕ್ಕೆ ಒಗ್ಗವು. ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ಲಿನಕ್ಸ್ ಹಾಕಿಸಿದೆವು. ಮಗು ಓದಿದ್ದನ್ನು ರೆಕಾರ್ಡು ಮಾಡಿ ಅದಕ್ಕೇ ಕೇಳಿಸಿದರೆ ತಪ್ಪನ್ನು ತಾನೇ ಹಿಡಿಯುತ್ತದೆ. ಇದಕ್ಕೆಂದು ದಾನಿಗಳೊಬ್ಬರು ಮೈಕು ಸಿಕ್ಕಿಸುವ ಯುಎಸ್‌ಬಿ ಡಬ್ಬಿ ಕೊಟ್ಟರು. ಸಿಕ್ಕಿಸಿದೆವು. ದೀಪ ಹತ್ತಿತು, ದನಿ ಬರಲಿಲ್ಲ. ತಯಾರಕರನ್ನು ಕೇಳಿದರೆ, "ಲಿನಕ್ಸಿಗೆ ಸಪೋರ್ಟ್ ಇಲ್ಲ ಮೇಡಂ."

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿ ಒಂದು ಭಾನುವಾರ ಬಂದು ನೋಡಿದ. ಯುಎಸ್‌ಬಿ ಮೂಲಕ ದನಿ ಹೇಗೆ ಸಾಗಬೇಕೆಂಬುದಕ್ಕೆ 1998ರಲ್ಲೇ ಸರ್ವರಿಗೂ ಒಂದೇ ನಿಯಮವಾಗಿದೆ. ಅದನ್ನು ಪಾಲಿಸುವ ಡಬ್ಬಿಯನ್ನು ಲಿನಕ್ಸ್ ತಾನೇ ಗುರುತಿಸುತ್ತದೆ. ನಮ್ಮ ಡಬ್ಬಿಯೂ ಒಳಗೆ ಅದೇ ಭಾಷೆ ಆಡುತ್ತಿತ್ತು. ಆದರೆ ಹಾಜರಿ ಕೂಗಿದಾಗ "ನಾನು ಆ ತರಗತಿಯವನಲ್ಲ, ಕಂಪನಿಯ ಸ್ವಂತದವನು" ಎನ್ನುತ್ತಿತ್ತು. ಲಿನಕ್ಸಿನಲ್ಲಿ ಇಂಥ ತಂಟೆಕೋರರಿಗೆಂದೇ ಒಂದು ಪಟ್ಟಿಯಿದೆ. ಹುಡುಗ lsusb ಎಂಬ ಆಜ್ಞೆಯಿಂದ ತಯಾರಕರ ಸಂಖ್ಯೆ, ಡಬ್ಬಿಯ ಸಂಖ್ಯೆ ತಿಳಿದುಕೊಂಡ. "ಇದನ್ನು ಮಾಮೂಲು ಆಡಿಯೋ ಎಂದೇ ತಿಳಿ" ಎಂದು ಪಟ್ಟಿಯಲ್ಲಿ ನಾಲ್ಕಾರು ಸಾಲು ಸೇರಿಸಿ ಡ್ರೈವರನ್ನು ಮತ್ತೆ ಕಟ್ಟಿದ. ದನಿ ಬಂತು. ಹಾಗಾದರೆ ಇಲ್ಲದಿದ್ದುದು ಸಪೋರ್ಟೋ, ಮನಸ್ಸೋ?

ನಮ್ಮ ಬೀದಿಯ ಲೇತ್ ಅಂಗಡಿಯವರನ್ನು ಕೇಳಿ. ಡ್ರಾಯಿಂಗ್ ಇಲ್ಲದೆ ಅವರು ಒಂದು ಪೀಸನ್ನೂ ತಿರುಗಿಸುವುದಿಲ್ಲ. ಎಂಟು ಮಿಲಿಮೀಟರಿನ ಬೋಲ್ಟಿಗೆ ಅದೇ ಮರೆಯ ಯಾವ ಅಂಗಡಿಯ ನಟ್ಟಾದರೂ ಕೂರಬೇಕು. ಕೂರದಿದ್ದರೆ ಮಾಲು ವಾಪಸು. ಎಂಟನೇ ತರಗತಿ ಓದಿದ ಟರ್ನರನಿಗಿರುವ ಈ ಶಿಸ್ತು ದೊಡ್ಡ ಕಂಪನಿಗಳಿಗೆ ಏಕೆ ಬೇಡ?

ವ್ಯಾಪಾರದ ಗುಟ್ಟು ಎನ್ನುತ್ತಾರೆ. ಡಬ್ಬಿಯ ಒಳಗಿನ ವಿದ್ಯೆಯನ್ನು ನಾವು ಕೇಳುತ್ತಿಲ್ಲ. ಅದರೊಡನೆ ಮಾತಾಡುವ ಬಗೆಯನ್ನು ಕೇಳುತ್ತಿದ್ದೇವೆ. ಲಿನಕ್ಸ್ ಬಳಸುವವರು ಕಡಿಮೆ ಎನ್ನುವುದು ಇನ್ನೊಂದು ಮಾತು. ಪಕ್ಕದ ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಸರ್ಕಾರಿ ಶಾಲೆಗಳಿಗೆ ಮುಕ್ತ ತಂತ್ರಾಂಶವನ್ನೇ ತಂದಿತು. ಕಾಸರಗೋಡಿನ ಕನ್ನಡ ಮಕ್ಕಳೂ ಕಲಿಯುವುದು ಅದರಲ್ಲೇ. ಅವರೆಲ್ಲ ಲೆಕ್ಕಕ್ಕಿಲ್ಲವೆ?

ಹೇಗೂ ಯಾರೋ ಪುಣ್ಯಾತ್ಮರು ಸರಿಮಾಡುತ್ತಾರಲ್ಲ ಎನ್ನಬೇಡಿ. ಜೆಫ್ರಿ ಬೆನೆಟ್ ಎಂಬವರು ಸ್ಕಾರ್ಲೆಟ್ ಎಂಬ ಆಡಿಯೋ ಡಬ್ಬಿಗಳ ಎರಡನೇ ಪೀಳಿಗೆಯ ಮಿಕ್ಸರಿಗೆ ಲಿನಕ್ಸ್ ಡ್ರೈವರು ಬರೆದರು. ಅದು 2019ರ 5.4ನೇ ಆವೃತ್ತಿಯಲ್ಲಿ ಸೇರಿತು. ಅಂಥವರಿಗೆ ನಮಸ್ಕಾರ. ಆದರೆ ಮಾರಿ ಲಾಭ ಪಡೆದವರು ಮಾಡಬೇಕಾದ ಕೆಲಸವನ್ನು ಪರರ ಭಾನುವಾರಗಳ ಮೇಲೆ ಹೇರುವುದು ನ್ಯಾಯವಲ್ಲ. ನಮಗೊಬ್ಬ ಹಳೆಯ ವಿದ್ಯಾರ್ಥಿ ಸಿಕ್ಕ. ಸಿಗದ ಶಾಲೆಯಲ್ಲಿ ಡಬ್ಬಿ ಬೀರುವಿನಲ್ಲಿ ಕೂರುತ್ತದೆ, ದಾನಿಗಳ ಫೋಟೋ ಗೋಡೆಯ ಮೇಲೆ ಕೂರುತ್ತದೆ.

ಆದ್ದರಿಂದ ದಾನಿಗಳೇ, ಕೊಡುವ ಮೊದಲು ಶಾಲೆಯ ಕಂಪ್ಯೂಟರಿಗೇ ಸಿಕ್ಕಿಸಿ ನೋಡಿ. ಇಲಾಖೆಯವರೇ, ಟೆಂಡರಿನಲ್ಲಿ ಒಂದು ಸಾಲು ಸೇರಿಸಿ: ಎಲ್ಲರಿಗೂ ಒಂದೇ ಆದ ನಿಯಮಕ್ಕೆ ಒಗ್ಗದ ಮಾಲನ್ನು ಕೊಳ್ಳುವುದಿಲ್ಲ. ಶಿಕ್ಷಕ ಬಂಧುಗಳೇ, ದೀಪ ಹತ್ತಿದ್ದನ್ನು ನೋಡಿ ರಸೀದಿಗೆ ಸಹಿ ಹಾಕಬೇಡಿ. ಮಗುವಿನ ದನಿ ಕೇಳಿಸಿದ ಮೇಲೆ ಹಾಕಿ.