ಬಸುರಿಯ ಕಷ್ಟವೂ ಕೂಸಿನ ಮಿದುಳೂ

ಈ ಪತ್ರಿಕೆಯಲ್ಲಿ ಕೊಳೆರೋಗ, ಕಾಂಡಕೊರಕ, ಬೋರ್ಡೋ ದ್ರಾವಣಗಳ ವಿಚಾರ ಬರುವುದು ವಾಡಿಕೆ. ಬಸುರಿ ಹೆಂಗಸರ ಮಾತು ಇಲ್ಲೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಕುಯ್ಲಿನ ಕಾಲದಲ್ಲಿ ನಮ್ಮ ತೋಟ, ನಮ್ಮ ಕಣ, ನಮ್ಮ ಜಗಲಿಗಳಲ್ಲೇ ನಡೆಯುವ ಸಂಗತಿಯಾದ್ದರಿಂದ ಬೇರೆಲ್ಲಿ ಬರೆಯಲಿ?

ಮೊದಲು ದೂರದ ಒಂದು ಸೀಮೆಯ ಸಮಾಚಾರ ಹೇಳಬೇಕು. 1998ರ ಜನವರಿಯಲ್ಲಿ ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಐದಾರು ದಿನ ಮಳೆ ಹಿಡಿಯಿತು. ಬಿದ್ದ ಹನಿ ತಾಗಿದಲ್ಲೇ ಹೆಪ್ಪುಗಟ್ಟಿ ಮಂಜುಗಡ್ಡೆಯಾಯಿತು. ಅದರ ಭಾರಕ್ಕೆ ವಿದ್ಯುತ್ತಿನ ಉಕ್ಕಿನ ಗೋಪುರಗಳೇ ಮಡಚಿ ಬಿದ್ದವು. ಪಾಕ ತೆಗೆಯುವ ಮೇಪಲ್ ಮರಗಳ ತೋಪುಗಳು ಮುರಿದವು. ಕರೆಂಟಿಲ್ಲದೆ ಹೈನುಗಾರರು ಹಾಲನ್ನು ಚೆಲ್ಲಬೇಕಾಯಿತು. ಗಾಳಿಮಳೆಗೆ ಅಡಿಕೆ ಮರ ಕಳೆದುಕೊಂಡವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಕೊರೆಯುವ ಚಳಿಯಲ್ಲಿ ಕೆಲವು ಮನೆಗಳಿಗೆ ತಿಂಗಳು ಕಳೆದರೂ ಕರೆಂಟು ಬರಲಿಲ್ಲ.

ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾನಿಲಯದ ಸುಝಾನ್ ಕಿಂಗ್ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು ಆ ಸಮಯದಲ್ಲಿ ಬಸುರಿಯಾಗಿದ್ದ ಹೆಂಗಸರನ್ನು ಹುಡುಕಿ ಎರಡು ಬೇರೆ ಬೇರೆ ಲೆಕ್ಕ ಬರೆದುಕೊಂಡರು. ಎಷ್ಟು ದಿನ ಕರೆಂಟಿರಲಿಲ್ಲ, ಮನೆ ಬಿಟ್ಟು ಹೋಗಬೇಕಾಯಿತೇ, ಏನೇನು ನಷ್ಟವಾಯಿತು ಎಂಬುದು ಒಂದು. ಮನಸ್ಸಿಗೆ ಎಷ್ಟು ಸಂಕಟವಾಯಿತು ಎಂಬುದು ಇನ್ನೊಂದು. ಹುಟ್ಟಿದ ಮಕ್ಕಳನ್ನು ಎರಡು ವರ್ಷಕ್ಕೆ ನೋಡಿದರು, ಐದೂವರೆ ವರ್ಷಕ್ಕೂ ನೋಡಿದರು. ಹೆಚ್ಚು ಕಷ್ಟ ಕಂಡ ತಾಯಂದಿರ ಮಕ್ಕಳು ಮಾತಿನಲ್ಲಿಯೂ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿಯೂ ಸರಾಸರಿಯಲ್ಲಿ ಹಿಂದಿದ್ದರು. ಈ ವ್ಯತ್ಯಾಸಕ್ಕೆ ತಾಯಿ ಎಷ್ಟು ಹೆದರಿದ್ದಳು ಎಂಬುದಕ್ಕಿಂತ, ಎಷ್ಟು ಕಷ್ಟ ಅವಳ ಮೈಮೇಲೆ ಬಿದ್ದಿತ್ತು ಎಂಬುದೇ ಹೆಚ್ಚು ಹೊಂದಿಕೊಂಡಿತ್ತು.

ಇದು ಸರಾಸರಿಯ ಮಾತು. ಯಾವುದೋ ಮಗುವನ್ನು ತೋರಿಸಿ 'ಇದಕ್ಕೆ ಹೀಗಾದದ್ದು ಅದಕ್ಕೇ' ಎನ್ನುವಂತಿಲ್ಲ, ತಾಯಿಯನ್ನು ದೂರುವಂತೆಯಂತೂ ಇಲ್ಲವೇ ಇಲ್ಲ. ದಣಿವು, ದಿಗಿಲುಗಳಲ್ಲಿ ಮೈಯಲ್ಲಿ ಕಾರ್ಟಿಸಾಲ್ ಎಂಬ ರಸ ಏರುತ್ತದೆ. ಅದರ ಬಹುಪಾಲನ್ನು ಮಾಸು ತಡೆದು ಮಗುವನ್ನು ಕಾಯುತ್ತದೆ. ಕಷ್ಟ ತೀರ ಹೆಚ್ಚಾದರೆ ಈ ತಡೆ ಸಡಿಲವಾಗುತ್ತದೆ, ಮಿದುಳು ರೂಪುಗೊಳ್ಳುವ ಹೊತ್ತಿನಲ್ಲಿ ಆ ರಸ ಒಳಗೆ ಸೇರುತ್ತದೆ ಎಂದು ವಿಜ್ಞಾನಿಗಳು ವಿವರಿಸುತ್ತಾರೆ.

ನಮ್ಮ ಹಿರಿಯರಿಗೂ ಇದು ತಿಳಿಯದ್ದೇನಲ್ಲ. ಬಸುರಿಯ ಬಯಕೆ ತೀರಿಸಬೇಕು, ಮನಸ್ಸು ನೋಯಿಸಬಾರದು ಎಂದರು. ಸೀಮಂತ ಮಾಡಿ ಹಸಿರು ಬಳೆ ತೊಡಿಸಿದರು. ಸಂತೋಷವೇ. ಆದರೆ ಬಳೆ ತೊಟ್ಟ ಸೊಸೆಯೇ ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದನ್ನು ನಾನು ಕಂಡಿದ್ದೇನೆ, ನೀವೂ ಕಂಡಿದ್ದೀರಿ. ಹಣ್ಣು ಕುಯ್ಯಲು ಬರುವ ಹೆಣ್ಣಾಳಿಗೆ ಆ ಬಳೆಯೂ ಇಲ್ಲ. ಕಿಲೋ ಲೆಕ್ಕದ ಕೂಲಿಯಾದರೆ ಏಳು ತಿಂಗಳ ಬಸುರಿಯೂ ಚೀಲ ತುಂಬಿಸಲೇಬೇಕು, ಇಳಿಜಾರಿನಲ್ಲಿ ಅದನ್ನು ಹೊತ್ತು ತೂಕದ ಜಾಗಕ್ಕೆ ಬರಲೇಬೇಕು. ಅವಳಿಗೆ 'ಧೈರ್ಯವಾಗಿರಮ್ಮ' ಎಂದು ಹೇಳಿದರೆ ಚೀಲದ ಭಾರ ಇಳಿಯುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ 12 ವಾರದ ಸಂಬಳದ ರಜೆ 26 ವಾರವಾಯಿತು. ಅದು ದೊಡ್ಡ ಎಸ್ಟೇಟಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರ ಮಾತು. ನಾಲ್ಕು ಎಕರೆಯವನ ತೋಟಕ್ಕೆ ಇವತ್ತು ಬಂದು ನಾಳೆ ಇನ್ನೊಂದು ಕಡೆ ಹೋಗುವವಳಿಗೆ ಅದರಿಂದ ಏನು ಸಿಕ್ಕೀತು? ಅದೇ ವರ್ಷ ಸರ್ಕಾರ ಮಾತೃಪೂರ್ಣ ಯೋಜನೆ ತಂದು ಅಂಗನವಾಡಿಯಲ್ಲಿ ಬಿಸಿಯೂಟ ಇಟ್ಟಾಗಲೂ, ಮಲೆನಾಡಿನ ಒಂಟಿ ಮನೆಗಳಿಂದ ಅಲ್ಲಿಗೆ ನಡೆದು ಹೋಗುವುದೇ ತೊಡಕಾಗಿತ್ತು.

'ನಮಗೇ ಬೆಲೆಯಿಲ್ಲ, ಆಳು ಸಿಗುವುದಿಲ್ಲ, ಇನ್ನು ಇದೊಂದು' ಎಂದು ಗೊಣಗುವವರಿದ್ದಾರೆ. ಸಣ್ಣ ಬೆಳೆಗಾರನ ಕಷ್ಟ ನನಗೂ ಗೊತ್ತು, ನಾನೂ ಅವನೇ. ಆದರೆ ನಾನು ಕೇಳುತ್ತಿರುವುದು ದುಡ್ಡಿನ ರಾಶಿಯನ್ನಲ್ಲ. ಬಸುರಿಯಾದವಳನ್ನು ಇಳಿಜಾರಿಗೆ ಕಳಿಸದೆ ಕಣದ ನೆರಳಿನಲ್ಲಿ ಹಣ್ಣು ಆರಿಸಲು ಕೂರಿಸಿ, ಕಿಲೋ ಲೆಕ್ಕ ಬಿಟ್ಟು ದಿನಗೂಲಿ ಕೊಡಿ. ಔಷಧಿ ಹೊಡೆಯುವ ದಿನ ಅವಳು ತೋಟದಲ್ಲಿರಲೇಬಾರದು. ಕೊಟ್ಟ ಮುಂಗಡವನ್ನು ಆ ತಿಂಗಳುಗಳ ಕೂಲಿಯಲ್ಲಿ ಮುರಿದುಕೊಳ್ಳಬೇಡಿ, ಹೆರಿಗೆಯಾಗಿ ಚೇತರಿಸಿಕೊಂಡ ಮೇಲೆ ನೋಡೋಣ. ಮನೆಯೊಳಗಿನವಳಿಗಾದರೆ ರಾತ್ರಿಯ ಸುಲಿತ ತಪ್ಪಿಸಿ, ನೀರು ಹೊರುವ ಕೆಲಸವನ್ನು ಗಂಡಸರು ಹಿಡಿಯಿರಿ.

ಸಂಘದಿಂದಲೂ ಒಂದು ಕೆಲಸ ಆಗಬಹುದು. ಗೊಬ್ಬರ ತರುವ ನಮ್ಮ ಗಾಡಿ ಹೇಗೂ ಪೇಟೆಗೆ ಹೋಗುತ್ತದೆ. ತಿಂಗಳಿಗೊಂದು ದಿನ ಅದು ಬಸುರಿಯರನ್ನು ತಪಾಸಣೆಗೆ ಕರೆದುಕೊಂಡು ಹೋಗಿ ಬರಲಿ. ಡೀಸೆಲ್ ಖರ್ಚು ಸಂಘದ್ದು. ಮುಂದಿನ ಮಹಾಸಭೆಯಲ್ಲಿ ಈ ಗೊತ್ತುವಳಿ ಮಂಡಿಸುವವನಿದ್ದೇನೆ. ಅನುಮೋದಿಸುವವರು ಕುಯ್ಲಿನ ನೆಪ ಹೇಳದೆ ಸಭೆಗೆ ಬನ್ನಿ, ಬರುವಾಗ ಮನೆಯ ಹೆಂಗಸರನ್ನೂ ಕರೆತನ್ನಿ.