ಶೃಂಗಾರ ಕಾದಂಬರಿಯೂ ಬೆಳ್ಳಿತೆರೆಯೂ

ಕಾದಂಬರಿಯಲ್ಲಿ ಆಕ್ಷೇಪವಿಲ್ಲದೆ ಓದಿದ ಪ್ರಸಂಗವೇ ತೆರೆಯ ಮೇಲೆ ಬಂದಾಗ ಅಶ್ಲೀಲವೆನಿಸುವುದೇಕೆ? 2023ರ ತಿದ್ದುಪಡಿಯ ಅನಂತರ ನಮ್ಮ ಚಲನಚಿತ್ರ ಕಾಯಿದೆಯು ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬೇಕಾದ ಚಿತ್ರಗಳನ್ನು 7, 13, 16 ವರ್ಷಗಳೆಂದು ಮೂರು ಮೆಟ್ಟಿಲಾಗಿ ವಿಂಗಡಿಸಿದೆ. ವಯಸ್ಸನ್ನು ಅಳೆಯಬಹುದು, ಔಚಿತ್ಯವನ್ನು ಅಳೆಯುವುದೆಂತು? ಊರ್ಡಿಗೆರೆಯ ವಿದ್ಯಾರ್ಥಿಯೂ ಅಂಗೈಯ ಫೋನಿನಲ್ಲಿ ದೇಶವಿದೇಶಗಳ ಚಿತ್ರಗಳನ್ನು ನೋಡಬಲ್ಲ ಈ ದಿನಗಳಲ್ಲಿ ಇದು ಅಧ್ಯಾಪಕರ ಪ್ರಶ್ನೆಯೂ ಹೌದು.

ಜಪಾನಿನ ತಾನಿಝಾಕಿ 1956ರಲ್ಲಿ ‘ಕಾಗಿ’ ಎಂಬ ಕಾದಂಬರಿ ಬರೆದರು. ಆ ಹೆಸರಿಗೆ ಬೀಗದ ಕೈ ಎಂದರ್ಥ. ಗಂಡಹೆಂಡಿರಿಬ್ಬರೂ ದಿನಚರಿ ಬರೆಯುತ್ತಾರೆ. ತನ್ನದನ್ನು ಇನ್ನೊಬ್ಬರು ಕದ್ದು ಓದಲೆಂಬ ಒಳಆಸೆಯಿಂದಲೇ ಬರೆಯುತ್ತಾರೆ. ಕಾಮದ ಕಾವೆಲ್ಲ ಆ ಕಳ್ಳ ಓದಿನಲ್ಲಿದೆ. ಅದನ್ನು ಕ್ಯಾಮೆರಾ ಹಿಡಿಯಲಾರದು. 1959ರಲ್ಲಿ ಚಿತ್ರ ಮಾಡಿದ ಇಚಿಕಾವಾ ದಿನಚರಿಯ ಚೌಕಟ್ಟನ್ನು ಕೈಬಿಟ್ಟರು, ತರುಣ ವೈದ್ಯನೊಬ್ಬ ಪ್ರೇಕ್ಷಕರತ್ತ ತಿರುಗಿ ಮುಪ್ಪನ್ನು ಕುರಿತು ಮಾತನಾಡುವಲ್ಲಿ ಕಥೆ ತೆರೆದರು, ಮುಕ್ತಾಯವನ್ನೂ ಬದಲಿಸಿದರು. 1960ರ ಕಾನ್ ಉತ್ಸವದಲ್ಲಿ ಅದಕ್ಕೆ ತೀರ್ಪುಗಾರರ ಬಹುಮಾನ ದೊರೆಯಿತು.

ಕನ್ನಡಕ್ಕೆ ಈ ಪರೀಕ್ಷೆ ಬಂದದ್ದು ‘ಸಂಸ್ಕಾರ’ದಲ್ಲಿ. ಅನಂತಮೂರ್ತಿಯವರ 1965ರ ಈ ಕಾದಂಬರಿಯನ್ನು ಶೃಂಗಾರ ಕೃತಿಯೆಂದು ಯಾರೂ ಕರೆಯರು. ಆದರೂ ಅದರ ಕೇಂದ್ರದಲ್ಲಿರುವುದು ಒಂದು ಸಮಾಗಮ. ಪ್ರಾಣೇಶಾಚಾರ್ಯರೂ ಚಂದ್ರಿಯೂ ಕೂಡುವುದು ಕಾಡಿನ ಕತ್ತಲೆಯಲ್ಲಿ, ಕಣ್ಣು ಸೋತು ಸ್ಪರ್ಶವೇ ಅರಿವಾಗುವ ಹೊತ್ತಿನಲ್ಲಿ. ಕಣ್ಣೊಂದೇ ಇರುವ ಕ್ಯಾಮೆರಾ ಅಲ್ಲಿ ಏನು ಮಾಡಬೇಕು? ಪಟ್ಟಾಭಿರಾಮರೆಡ್ಡಿಯವರ 1970ರ ಚಿತ್ರ, ಗಿರೀಶ ಕಾರ್ನಾಡರ ಚಿತ್ರಕಥೆಯ ನೆರವಿನಿಂದ, ಆಚಾರ್ಯರ ಅನಂತರದ ತಳಮಳಕ್ಕೆ ತೂಕ ಕೊಟ್ಟಿತು. ಕಾರ್ನಾಡರೇ ಆಚಾರ್ಯರಾದರು; ಸ್ನೇಹಲತಾ ರೆಡ್ಡಿ ಚಂದ್ರಿಯಾದರು.

ಹಾಗಿದ್ದೂ ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ನಿಷೇಧಿಸಿತು. ಅದರ ಅಂಜಿಕೆ ಜಾತಿಯ ಭಾವನೆಗಳು ಕೆರಳುವವೆಂಬುದು. ಕೇಂದ್ರ ಸಚಿವಾಲಯ ನಿಷೇಧವನ್ನು ತೆರವುಗೊಳಿಸಿತು. ಅದೇ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂಬ ಪ್ರಶಸ್ತಿಯೂ ಬಂದಿತು.

ಈ ಪ್ರಸಂಗ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ. ದೊಡ್ಡ ಕೃತಿಯಲ್ಲಿ ಸಮಾಗಮ ನಮ್ಮನ್ನು ಕದಲಿಸುವುದು ಅದು ಕೆಡಹುವ ಕಟ್ಟಡದಿಂದ: ‘ಕಾಗಿ’ಯಲ್ಲಿ ದಾಂಪತ್ಯದ ಮುಚ್ಚುಮರೆ, ‘ಸಂಸ್ಕಾರ’ದಲ್ಲಿ ಅಗ್ರಹಾರದ ಕಟ್ಟಳೆ. ದೇಹವನ್ನಷ್ಟೇ ತೋರಿಸುವ ನಿರ್ದೇಶಕನೂ ದೇಹವನ್ನಷ್ಟೇ ಕತ್ತರಿಸುವ ಅಧಿಕಾರಿಯೂ ಕೃತಿಯನ್ನು ಒಂದೇ ಬಗೆಯಲ್ಲಿ ತಪ್ಪಾಗಿ ಓದುತ್ತಾರೆ. ‘ಕುಮಾರಸಂಭವ’ದಲ್ಲಿ ಶಿವಪಾರ್ವತಿಯರ ಶೃಂಗಾರವನ್ನು ವರ್ಣಿಸಿದ್ದು ಅನುಚಿತವೇ ಆದರೂ ಕಾಳಿದಾಸನ ಶಕ್ತಿಯಲ್ಲಿ ಆ ದೋಷ ಮರೆಯಾಯಿತೆಂದು ಆನಂದವರ್ಧನ ಬಗೆದನು. ಅಂಥ ಶಕ್ತಿಯನ್ನು ಗುರುತಿಸುವ ಕಣ್ಣನ್ನು ಯಾವ ಕಾಯಿದೆಯೂ ಕೊಡಲಾರದು. ಅದು ತರಗತಿಯಲ್ಲಿ, ಓದಿನಲ್ಲಿ ಬೆಳೆಯಬೇಕು.